ಆಡಿನ ಗೊರಸು: ಭಯ ಬೇಡ, ನೀವೇ ಕತ್ತರಿಸಬಹುದು

ಅಂಕಣ: ಮನೆ ಹಿತ್ತಲು

ಕಳೆದ ತಿಂಗಳು ಆಡಿನ ಗೂಡನ್ನು ಮಳೆಗಾಲಕ್ಕೆ ಸಜ್ಜುಗೊಳಿಸುವ ಬಗ್ಗೆ ಬರೆದಿದ್ದೆ. ಆ ಬಳಿಕ ಬಂದ ಪತ್ರ ಮತ್ತು ಫೋನುಗಳಲ್ಲಿ ಗೂಡಿಗಿಂತ ಹೆಚ್ಚಾಗಿ ಕೇಳಿಬಂದುದು ಕಾಲಿನ ವಿಷಯ. "ನಮ್ಮ ಆಡು ಮುಂಗಾಲು ಮಡಚಿ, ಮೊಣಕಾಲೂರಿಯೇ ಹುಲ್ಲು ಮೇಯುತ್ತದೆ. ಅದು ಅದರ ಅಭ್ಯಾಸವೇ?" ಎಂದು ಒಬ್ಬ ಸಹೋದರಿ ಕೇಳಿದ್ದಾರೆ. "ಗೊರಸು ಕತ್ತರಿಸಬೇಕು ಅಂತ ಪಶು ಆಸ್ಪತ್ರೆಯಲ್ಲಿ ಹೇಳಿದರು. ಮೂಕ ಪ್ರಾಣಿಗೆ ನೋವು ಕೊಡುವುದು ಪಾಪವಲ್ಲವೇ?" ಎಂದು ಇನ್ನೊಬ್ಬರ ಪ್ರಶ್ನೆ. ಮೂರನೆಯ ಸಹೋದರಿಯ ಪ್ರಶ್ನೆ ಇನ್ನೂ ಸೂಕ್ಷ್ಮ. "ದುಲ್‌ಹಜ್ಜ್ ತಿಂಗಳ ಚಂದ್ರ ಕಂಡ ಮೇಲೆ ಉಳ್‌ಹಿಯ್ಯದ ಆಡಿನ ಗೊರಸು ಮುಟ್ಟಬಾರದು ಎಂದು ನಮ್ಮ ಅತ್ತೆ ಹೇಳುತ್ತಾರೆ. ನಿಜವೇ?"

ಮೂವರಿಗೂ ಈ ಬಾರಿ ಒಟ್ಟಿಗೆ ಉತ್ತರಿಸುವೆ.

ಮೊದಲು ಆ ಮೊಣಕಾಲೂರುವ ಆಡಿನ ವಿಷಯ. ಸಹೋದರೀ, ಅದು ಅಭ್ಯಾಸವಲ್ಲ, ನೋವು. ನಿಂತರೆ ಮುಂಗಾಲಿನ ಗೊರಸು ನೋಯುವುದರಿಂದ ಅದು ಮೊಣಕಾಲಿನ ಮೇಲೆ ಭಾರ ಹಾಕುತ್ತಿದೆ. ಅದರ ಮೊಣಕಾಲಿನ ಚರ್ಮ ಮುಟ್ಟಿ ನೋಡಿ. ರೋಮ ಉದುರಿ ಚರ್ಮ ದಪ್ಪಗಾಗಿದ್ದರೆ ಈ ನೋವು ಶುರುವಾಗಿ ಬಹಳ ದಿನಗಳಾಗಿವೆ ಎಂದರ್ಥ. ಕಾಲು ನೋಯುವ ಆಡು ಮೇಯಲು ಹೋಗುವುದಿಲ್ಲ. ಮೇಯದ ಆಡಿಗೆ ಹಾಲು ಇಳಿಯುತ್ತದೆ, ಮೈ ಇಳಿಯುತ್ತದೆ. ಹೋತವಾದರೆ ಹೆಣ್ಣಾಡಿನ ಬಳಿಗೂ ಹೋಗದು. ನಾವು ಹಿಂಡಿ ಕೊಡುತ್ತೇವೆ, ಜಂತುಹುಳದ ಮದ್ದು ಕುಡಿಸುತ್ತೇವೆ, "ಕಣ್ಣು ತಾಗಿರಬೇಕು" ಎಂದೂ ಹೇಳುತ್ತೇವೆ. ಕಾಲನ್ನು ಎತ್ತಿ ನೋಡುವವರು ಕಡಿಮೆ.

ಆಡು ಮೂಲತಃ ಕಲ್ಲು ಬಂಡೆಗಳ ಪ್ರಾಣಿ. ದಿನವಿಡೀ ಗುಡ್ಡ ಹತ್ತಿಳಿಯುವ ಆಡಿನ ಗೊರಸು ಬೆಳೆದಷ್ಟೂ ಸವೆಯುತ್ತದೆ. ಬಯಲುಸೀಮೆಯಲ್ಲಿ ಬರಡು ನೆಲದಲ್ಲಿ ಮೈಲುಗಟ್ಟಲೆ ನಡೆಯುವ ಹಿಂಡುಗಳಿಗೆ ಹೆಚ್ಚಾಗಿ ಗೊರಸಿನ ತೊಂದರೆ ಬಾರದಿರುವುದು ಇದಕ್ಕೇ. ನಮ್ಮ ಕರಾವಳಿಯ ಆಡುಗಳ ಸ್ಥಿತಿ ಬೇರೆ. ಅಡಿಕೆ ದಬ್ಬೆ ಹಾಸಿದ ಎತ್ತರದ ಗೂಡಿನಲ್ಲಿ ಹಗಲೂ ರಾತ್ರಿ ನಿಂತಿರುತ್ತವೆ. ಹೊರಗೆ ಬಿಟ್ಟರೂ ತೋಟದ ಮೆತ್ತನೆಯ ಮಣ್ಣು. ಗೊರಸು ಮಾತ್ರ ತಿಂಗಳಿಗೆ ಸುಮಾರು 3ರಿಂದ 5 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಸವೆಯುವುದಕ್ಕೆ ದಾರಿ ಇಲ್ಲ. ಬೆಳೆದ ಅಂಚು ಒಳಕ್ಕೆ ಮಡಚಿಕೊಂಡು ಅಂಗಾಲನ್ನು ಮುಚ್ಚುತ್ತದೆ. ಆ ಮಡಿಕೆಯೊಳಗೆ ಕೆಸರು, ಹಿಕ್ಕೆ, ಮೂತ್ರ ಸೇರಿ ಕೊಳೆಯಲಾರಂಭಿಸುತ್ತದೆ. ಇಷ್ಟಾದ ಮೇಲೆ ಜೂನ್ ಮಳೆ ಹಿಡಿದರೆ ಕೇಳಬೇಕೇ?

2023ರಲ್ಲಿ ಬಕ್ರೀದ್ ಬಂದುದು ಜೂನ್ ತಿಂಗಳ ಕೊನೆಗೆ, ಕರಾವಳಿಯಲ್ಲಿ ಮಳೆ ಬಿರುಸಾಗುವ ಹೊತ್ತಿಗೆ. ನಮ್ಮ ಊರಿನ ಓರ್ವ ವಿಧವೆ ತಾಯಿ ಎರಡು ಹೋತಗಳನ್ನು ಒಂದೂವರೆ ವರ್ಷದಿಂದ ಬಕ್ರೀದಿಗೆಂದೇ ಸಾಕಿದ್ದರು. ಆ ಹಣದಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟುವ ಲೆಕ್ಕಾಚಾರ. ಕೊಳ್ಳಲು ಬಂದವರು ಮೈ ನೋಡಿದರು, ಹಲ್ಲು ನೋಡಿದರು, ಎಲ್ಲವೂ ಒಪ್ಪಿಗೆಯಾಯಿತು. "ಉಮ್ಮಾ, ಸ್ವಲ್ಪ ಅಂಗಳದಲ್ಲಿ ನಡೆಸಿ ನೋಡೋಣ" ಎಂದರು. ನಡೆಸಿದಾಗ ದೊಡ್ಡ ಹೋತ ಹಿಂಗಾಲನ್ನು ನೆಲಕ್ಕೆ ಊರಲೇ ಇಲ್ಲ. "ಇದು ಉಳ್‌ಹಿಯ್ಯಕ್ಕೆ ಆಗುವುದಿಲ್ಲ ಉಮ್ಮಾ" ಎಂದು ಸಣ್ಣದನ್ನು ಮಾತ್ರ ಕೊಂಡು ಹೋದರು. ದೊಡ್ಡದನ್ನು ಹಬ್ಬ ಕಳೆದ ಮೇಲೆ ಮಾಂಸದ ಅಂಗಡಿಯವನು ತನಗೆ ತೋಚಿದ ದರಕ್ಕೆ ಒಯ್ದ. ಆ ಹೋತಕ್ಕೆ ಎಲುಬಿನ ದೋಷವೇನೂ ಇರಲಿಲ್ಲ. ಗೊರಸಿನ ಅಂಚು ಮಡಚಿ ಒಳಗೆ ಕೊಳೆತಿತ್ತು, ಅಷ್ಟೆ. ಎರಡು ತಿಂಗಳು ಮೊದಲು ಹತ್ತು ನಿಮಿಷದ ಕೆಲಸ.

ಕೊಳ್ಳಲು ಬಂದವರದು ತಪ್ಪಲ್ಲ. ಬರಾಅ್ ಬಿನ್ ಆಝಿಬ್(ರ) ವರದಿ ಮಾಡಿದ ಹದೀಸ್ ಅಬೂದಾವೂದ್, ತಿರ್ಮಿದಿ ಮೊದಲಾದ ಗ್ರಂಥಗಳಲ್ಲಿದೆ. ಉಳ್‌ಹಿಯ್ಯಕ್ಕೆ ಸಲ್ಲದ ನಾಲ್ಕು ಬಗೆಯ ಪ್ರಾಣಿಗಳನ್ನು ಪ್ರವಾದಿ(ಸ) ಅದರಲ್ಲಿ ಹೇಳಿದ್ದಾರೆ. ಒಂದು ಕಣ್ಣು ಕುರುಡಾಗಿರುವುದು ಸ್ಪಷ್ಟವಾಗಿ ಕಾಣುವಂಥದ್ದು, ರೋಗ ಎದ್ದು ಕಾಣುವಂಥದ್ದು, ಕುಂಟುವುದು ಎದ್ದು ಕಾಣುವಂಥದ್ದು ಮತ್ತು ಎಲುಬಿನಲ್ಲಿ ಮಜ್ಜೆಯೇ ಇಲ್ಲದಷ್ಟು ಸೊರಗಿದ್ದು. ತುಸು ಕಾಲೆಳೆಯುವುದು ಬೇರೆ, ಹಿಂಡಿನಿಂದ ಹಿಂದೆ ಬೀಳುವಷ್ಟು ಅಥವಾ ಕಾಲೂರಲಾಗದಷ್ಟು ಕುಂಟುವುದು ಬೇರೆ. ಆ ಗೆರೆ ಎಲ್ಲಿ ಎಂಬುದನ್ನು ಶಾಫಿಈ ಮತ್ತು ಹನಫೀ ವಿದ್ವಾಂಸರು ತಂತಮ್ಮ ರೀತಿಯಲ್ಲಿ ವಿವರಿಸಿದ್ದಾರೆ. ಸಂಶಯವಿದ್ದರೆ ನಿಮ್ಮ ಮಸೀದಿಯ ಖತೀಬರನ್ನು ಕೇಳಿ ತಿಳಿಯಿರಿ. ಆದರೆ ಸಂಶಯ ಹುಟ್ಟುವ ತನಕ ಕಾಯುವ ಅಗತ್ಯವಾದರೂ ಏನು?

ಹಾಗೆಯೇ ಅತ್ತೆಯವರ ಮಾತು. ಉಳ್‌ಹಿಯ್ಯ ಕೊಡಲು ಉದ್ದೇಶಿಸಿದವರು ದುಲ್‌ಹಜ್ಜ್ ತಿಂಗಳು ಆರಂಭವಾದ ಬಳಿಕ ಪ್ರಾಣಿಯನ್ನು ಬಲಿ ನೀಡುವ ತನಕ ತಮ್ಮ ಕೂದಲು ಮತ್ತು ಉಗುರನ್ನು ತೆಗೆಯಬಾರದು ಎಂಬ ಅರ್ಥದ ಹದೀಸನ್ನು ಉಮ್ಮುಸಲಮಾ(ರ) ವರದಿ ಮಾಡಿದ್ದಾರೆ. ಸಾಮಾನ್ಯವಾಗಿ ವಿದ್ವಾಂಸರು ಇದನ್ನು ಉಳ್‌ಹಿಯ್ಯ ಕೊಡುವ ವ್ಯಕ್ತಿಯ ಕೂದಲು, ಉಗುರುಗಳಿಗೆ ಸಂಬಂಧಿಸಿಯೇ ವಿವರಿಸಿದ್ದಾರೆ. ಅತ್ತೆಯವರಿಗೆ ಹದೀಸ್ ನೆನಪಿದೆ, ಉಗುರು ಯಾರದ್ದು ಎಂಬುದರಲ್ಲಿ ಮಾತ್ರ ಸ್ವಲ್ಪ ಗೊಂದಲ. ಆದರೂ ಅವರೊಂದಿಗೆ ವಾದಕ್ಕಿಳಿಯಬೇಡಿ. ಬೇರೆ ಕಾರಣಕ್ಕೆ ಅವರ ಮಾತಿನಂತೆ ನಡೆಯುವುದೇ ಒಳ್ಳೆಯದು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಗೊರಸು ಕತ್ತರಿಸಲು ಹೋಗಿ ಸ್ವಲ್ಪ ಆಳಕ್ಕೆ ತಾಗಿದರೆ ಚೆನ್ನಾಗಿದ್ದ ಆಡೂ ಕುಂಟತೊಡಗುತ್ತದೆ. ಒಂದು ತಿಂಗಳು ಮೊದಲೇ ಮುಗಿಸಿಬಿಡಿ.

ಇನ್ನು ನೋವಿನ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರಿಗೆ ಗೊರಸಿನ ರಚನೆ ಅಡುಗೆಮನೆಯಲ್ಲಿಯೇ ಗೊತ್ತಾಗಿದೆ. ಕಾಲುಸೂಪು ಮಾಡಲು ಆಡಿನ ಕಾಲನ್ನು ಕೆಂಡದಲ್ಲಿ ಸುಟ್ಟು, ರೋಮ ಕೆರೆದು, ಗೊರಸನ್ನು ಕಲ್ಲಿಗೆ ಬಡಿದಾಗ ಟೊಪ್ಪಿ ಕಳಚಿದಂತೆ ಒಂದು ಚಿಪ್ಪು ಕಳಚಿ ಬರುತ್ತದಲ್ಲ? ಆ ಚಿಪ್ಪೇ ಗೊರಸು. ಅದು ನಮ್ಮ ಉಗುರಿನಂತೆ. ಅದರಲ್ಲಿ ರಕ್ತವೂ ಇಲ್ಲ, ನೋವೂ ಇಲ್ಲ. ಚಿಪ್ಪು ಕಳಚಿದ ಮೇಲೆ ಉಳಿಯುವ ಮೊನಚಾದ ಭಾಗವಿದೆಯಲ್ಲ, ಜೀವವಿರುವಾಗ ರಕ್ತ ಹರಿಯುವುದು ಮತ್ತು ನೋಯುವುದು ಅಲ್ಲಿ. ಆ ಚಿಪ್ಪಿನ ಗಾತ್ರ ಮತ್ತು ಒಳಗಿನ ಭಾಗದ ಗಾತ್ರವನ್ನು ಒಮ್ಮೆ ನೆನಪಿಸಿಕೊಳ್ಳಿ. ನಾವು ಕತ್ತರಿಸಬೇಕಾದುದು ಚಿಪ್ಪಿನಲ್ಲಿ ಹೆಚ್ಚುವರಿಯಾಗಿ ಬೆಳೆದುದನ್ನು ಮಾತ್ರ. ಮುಂದಿನ ಸಲ ಕಾಲು ತಂದಾಗ ಸುಡುವ ಮೊದಲೇ ಅದರ ಗೊರಸನ್ನು ಕತ್ತರಿಸಿ ಅಭ್ಯಾಸ ಮಾಡಿ. ಎಷ್ಟು ಗಟ್ಟಿ, ಕತ್ತರಿ ಹೇಗೆ ಹಿಡಿಯಬೇಕು, ಎಲ್ಲಿ ಮೆತ್ತಗಾಗುತ್ತದೆ ಎಂಬುದೆಲ್ಲಾ ಕೈಗೆ ಬರುತ್ತದೆ. ಇದಕ್ಕಿಂತ ಒಳ್ಳೆಯ ತರಬೇತಿಯನ್ನು ನಾನು ಕಂಡಿಲ್ಲ.

ಬೇಕಾದ ಸಾಮಾನು ಬಹಳ ಇಲ್ಲ. ಮಲ್ಲಿಗೆ, ಗುಲಾಬಿ ಗಿಡ ಸವರುವ ಕತ್ತರಿ ಸಾಕು. ಅದು ಚೂಪಾಗಿರಬೇಕು. ಪ್ರಾಣಿಯನ್ನು ಕೊಯ್ಯುವಾಗ ಚೂರಿಯನ್ನು ಹರಿತ ಮಾಡಿಕೊಂಡು ಅದರ ನೋವನ್ನು ಕಡಿಮೆ ಮಾಡಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಇಲ್ಲಿಯೂ ಅದೇ ನೀತಿ. ಮೊಂಡ ಕತ್ತರಿ ಗೊರಸನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಗಿಡಕ್ಕೊಂದು, ಆಡಿಗೊಂದು ಬೇರೆ ಇಟ್ಟುಕೊಂಡರೆ ಒಳ್ಳೆಯದು. ಇದರ ಜೊತೆಗೆ ಬಡಗಿಗಳು ಉಪಯೋಗಿಸುವ ಅರ ಒಂದು, ಕೊಳೆ ಕೆರೆಯಲು ತುದಿ ಮೊಂಡಾಗಿರುವ ಬಿದಿರಿನ ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಶ್, ಶುಭ್ರವಾದ ಹತ್ತಿಬಟ್ಟೆ, ಔಷಧದ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ ದ್ರಾವಣ. ಆಡಿಗೆ ಒಂದು ಹಿಡಿ ಹಲಸಿನ ಎಲೆ. ನಿಮಗೆ ಒಂದು ಹಳೆಯ ಮ್ಯಾಕ್ಸಿ, ಏಕೆಂದರೆ ಮೈಗೆ ಮೂತ್ರ, ಹಿಕ್ಕೆ ತಾಗದೆ ಈ ಕೆಲಸ ಮುಗಿಯದು. ನಮಾಝಿನ ಬಟ್ಟೆಯಲ್ಲಿ ಗೂಡಿಗೆ ಇಳಿದು ಆಮೇಲೆ ಪೇಚಾಡಬೇಡಿ.

ಹೊತ್ತು ಬೆಳಗಿನದ್ದಾಗಲಿ. ಬೆಳಕು ಚೆನ್ನಾಗಿರುತ್ತದೆ, ಹೊಟ್ಟೆ ತುಂಬಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ಮಳೆಗಾಲದಲ್ಲಿ ಗೊರಸು ತೇವಗೊಂಡು ಮೆತ್ತಗಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಾಗಿರುತ್ತದೆ. ಆಗ ಒದ್ದೆ ಗೋಣಿ ಹಾಸಿ ಅದರ ಮೇಲೆ ಅರ್ಧ ಗಂಟೆ ನಿಲ್ಲಿಸಿದರೆ ಕತ್ತರಿ ಸುಲಭವಾಗಿ ಓಡುತ್ತದೆ.

ಆಡನ್ನು ಮಲಗಿಸಬೇಡಿ, ಬೆನ್ನಡಿ ಮಾಡಿ ಹಿಡಿಯಲೇಬೇಡಿ. ಹೊಟ್ಟೆ ಉಬ್ಬರಿಸಿ ಉಸಿರಾಟಕ್ಕೆ ತೊಂದರೆಯಾಗಬಹುದು, ಗಬ್ಬದ ಆಡಾದರೆ ಇನ್ನೂ ಅಪಾಯ. ಒಂದು ಬದಿಗೆ ಗೋಡೆ ಇರುವಂತೆ ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿ. ಮಗುವೊಂದನ್ನು ಹಲಸಿನ ಎಲೆ ಹಿಡಿದು ಮುಂದೆ ನಿಲ್ಲಿಸಿ. ನೀವು ಆಡಿನ ಪಕ್ಕದಲ್ಲಿ ಅದರ ಬಾಲದ ಕಡೆಗೆ ಮುಖ ಮಾಡಿ ನಿಲ್ಲಿ. ಮುಂಗಾಲನ್ನು ಮೊಣಕಾಲಿನಲ್ಲಿ ಹಿಂದಕ್ಕೆ ಮಡಚಿ ಅಂಗಾಲು ನಿಮಗೆ ಕಾಣುವಂತೆ ಹಿಡಿಯಿರಿ. ಹಿಂಗಾಲನ್ನು ನೇರ ಹಿಂದಕ್ಕೆ ಎತ್ತಬೇಕೇ ಹೊರತು ಬದಿಗೆ ಎಳೆಯಬಾರದು. ಸೊಂಟದ ಕೀಲು ಆ ಕಡೆಗೆ ತಿರುಗುವುದಿಲ್ಲ, ನೋವಾಗಿ ಒದೆಯುತ್ತದೆ. ಒದೆಯಿತೆಂದು ಕೂಡಲೇ ಕಾಲು ಬಿಟ್ಟುಬಿಡಬೇಡಿ. ಒದ್ದರೆ ಬಿಡುತ್ತಾರೆ ಎಂಬ ಪಾಠವನ್ನು ಆಡು ಒಂದೇ ಸಲಕ್ಕೆ ಕಲಿಯುತ್ತದೆ. ಸಡಿಲವಾಗಿ ಹಿಡಿದೇ ಇರಿ, ಸುಮ್ಮನಾದ ಮೇಲೆ ನೀವಾಗಿಯೇ ಕೆಳಗಿಡಿ, ಬೆನ್ನು ಸವರಿ, ಮತ್ತೆ ಎತ್ತಿ. ಮರಿಗಳಿಗೆ ಎರಡು ತಿಂಗಳಾದಾಗಿನಿಂದಲೇ ದಿನವೂ ಕಾಲು ಮುಟ್ಟಿ ಎತ್ತಿ ಅಭ್ಯಾಸ ಮಾಡಿಸಿದರೆ ಮುಂದೆ ಈ ಸರ್ಕಸ್ಸೇ ಇಲ್ಲ.

ಈಗ ಕತ್ತರಿ. ಆಡಿನ ಒಂದೊಂದು ಕಾಲಿನಲ್ಲೂ ಎರಡೆರಡು ಗೊರಸುಗಳಿವೆ. ಮೊದಲು ಎರಡರ ನಡುವಿನ ಸಂದಿಯನ್ನೂ ಅಂಗಾಲನ್ನೂ ಕಡ್ಡಿಯಿಂದ ಕೆರೆದು, ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಕೆಲವೊಮ್ಮೆ ಕುಂಟುವುದರ ಕಾರಣ ಇಲ್ಲೇ ಸಿಗುತ್ತದೆ. ಒಂದು ಮುಳ್ಳು, ಒಂದು ಚೂಪು ಕಲ್ಲು, ಗಾಜಿನ ಚೂರು. ತೊಳೆದ ಮೇಲೆ ಮೂಗಿಗೆ ಕೆಲಸ ಕೊಡಿ. ಆರೋಗ್ಯದ ಗೊರಸಿಗೆ ಮಣ್ಣಿನ ವಾಸನೆ ಇರುತ್ತದೆ. ಕೊಳೆತ ವಾಸನೆ ಬಂದರೆ ವಿಷಯ ಬೇರೆ, ಅದಕ್ಕೆ ಮುಂದೆ ಬರುವೆ.

ಅಂಗಾಲನ್ನು ನೋಡಿದರೆ ಸುತ್ತಲೂ ಒಂದು ಗಟ್ಟಿ ಅಂಚು ಕಾಣುತ್ತದೆ, ಬಸಳೆಯ ಎಲೆ ಬಾಡಿ ಮಡಚಿದಂತೆ ಅದು ಒಳಕ್ಕೆ ಬಾಗಿರುತ್ತದೆ. ಮೊದಲು ಕತ್ತರಿಸಬೇಕಾದುದು ಅದನ್ನೇ. ಕತ್ತರಿಯ ತುದಿಯನ್ನು ಮಡಿಕೆಯೊಳಗೆ ತೂರಿಸಿ, ಅಂಗಾಲಿನ ಮಟ್ಟಕ್ಕೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಹಿಮ್ಮಡಿಯಿಂದ ತುದಿಯವರೆಗೆ ಕತ್ತರಿಸುತ್ತಾ ಬನ್ನಿ. ಒಳಬದಿಯ ಅಂಚಿಗೂ ಹಾಗೆಯೇ. ಇಷ್ಟು ಮಾಡಿದಾಗಲೇ ಒಳಗೆ ಸಿಕ್ಕಿಕೊಂಡಿದ್ದ ಕಪ್ಪು ಕೆಸರು ಹೊರಬರುತ್ತದೆ. ಹೊಸಬರು ಮೊದಲ ಸಲ ಇಷ್ಟಕ್ಕೇ ನಿಲ್ಲಿಸಿದರೂ ನಷ್ಟವಿಲ್ಲ. ಅರ್ಧಕ್ಕಿಂತ ಹೆಚ್ಚಿನ ಕೆಲಸ ಆಗಿರುತ್ತದೆ.

ಆಮೇಲೆ ಮುಂದಿನ ತುದಿ. ಅದು ಉದ್ದವಾಗಿ ಬೆಳೆದಿದ್ದರೆ ತೆಳುವಾದ ಚೂರುಗಳಾಗಿ ತೆಗೆಯಿರಿ. ಕೊನೆಗೆ ಅಂಗಾಲು. ಇಲ್ಲಿ ಕ್ಯಾರೆಟ್ ಸಿಪ್ಪೆ ಹೆರೆಯುವಷ್ಟು ತೆಳುವಾಗಿ ತೆಗೆಯಬೇಕು. ಒಂದೊಂದು ಪದರ ತೆಗೆದಾಗಲೂ ಬಣ್ಣ ನೋಡಿ. ಮೇಲಿನ ಪದರ ಕೊಳೆ ಬಣ್ಣದ್ದು, ಅದರಡಿ ಬಿಳಿ. ಬಿಳಿಯೊಳಗೆ ತಿಳಿ ಗುಲಾಬಿ ಛಾಯೆ ಕಂಡಿತೋ, ಕತ್ತರಿ ಕೆಳಗಿಡಿ. ಇನ್ನೊಂದು ಚೂರು ತೆಗೆದರೆ ರಕ್ತ ಬರುತ್ತದೆ. ಕಪ್ಪು ಗೊರಸಿನ ಆಡುಗಳಲ್ಲಿ ಬಣ್ಣ ನೋಡುವುದು ಕಷ್ಟ. ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿ, ಬಾಗುವಷ್ಟು ಮೆತ್ತಗೆ ಅನಿಸಿದರೆ ಅಲ್ಲಿಗೆ ಸಾಕು. ಹಿಮ್ಮಡಿ ಹುಟ್ಟಿನಿಂದಲೇ ರಬ್ಬರಿನಂತೆ ಮೆತ್ತಗಿರುತ್ತದೆ. ಅದು ಅಂಗಾಲಿಗಿಂತ ಎತ್ತರಕ್ಕೆ ಬೆಳೆದಿದ್ದರೆ ಮಾತ್ರ ತುಸು ತೆಗೆಯಬೇಕು, ಕೈ ಪಳಗುವವರೆಗೆ ಅದನ್ನು ಮುಟ್ಟದಿರುವುದೇ ಲೇಸು.

ಎಷ್ಟು ಕತ್ತರಿಸಿದರೆ ಸರಿಯಾದ ಆಕಾರ ಎಂದು ಕೇಳಿದರೆ, ನಿಮ್ಮ ಗೂಡಿನಲ್ಲಿ ಹುಟ್ಟಿ ವಾರವಾದ ಮರಿಯ ಕಾಲನ್ನು ನೋಡಿ ಎಂದು ಹೇಳುವೆ. ಅಡಿಭಾಗ ಸಪಾಟು, ಬದಿಯಿಂದ ನೋಡಿದರೆ ಪುಟ್ಟ ಪೆಟ್ಟಿಗೆಯಂತೆ. ಗೊರಸು ಮತ್ತು ರೋಮ ಸೇರುವಲ್ಲಿ ಒಂದು ಗೆರೆ ಇದೆಯಲ್ಲ, ಅಂಗಾಲು ಆ ಗೆರೆಗೆ ಸಮಾನಾಂತರವಾಗಿರಬೇಕು. ಅರದಿಂದ ನಾಲ್ಕು ಸಲ ಉಜ್ಜಿ ಅಂಚು ನಯಗೊಳಿಸಿ, ಆಡನ್ನು ಸಿಮೆಂಟು ನೆಲದಲ್ಲಿ ನಿಲ್ಲಿಸಿ ಮುಂದಿನಿಂದಲೂ ಹಿಂದಿನಿಂದಲೂ ನೋಡಿ. ಎರಡೂ ಗೊರಸುಗಳು ಒಂದೇ ಸಮ ನೆಲಕ್ಕೆ ತಾಗಿದರೆ ಕೆಲಸ ಆಯಿತು.

ವರ್ಷಗಟ್ಟಲೆ ಯಾರೂ ಮುಟ್ಟದೆ, ಹಳೆಯ ಕಾಲದ ಮೋಜಡಿಯ ತುದಿಯಂತೆ ಮೇಲಕ್ಕೆ ಸುರುಳಿ ಸುತ್ತಿದ ಗೊರಸಿದ್ದರೆ ಒಂದೇ ದಿನದಲ್ಲಿ ಸರಿಪಡಿಸುವ ಹಠ ಬೇಡ. ಗೊರಸಿನೊಂದಿಗೆ ಒಳಗಿನ ಜೀವಂತ ಭಾಗವೂ ಮುಂದಕ್ಕೆ ಬಂದಿರುತ್ತದೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಅದೇ ಆಡು ನೆಟ್ಟಗೆ ನಡೆಯುವುದನ್ನು ಕಾಣಬಹುದು.

ರಕ್ತ ಬಂದರೆ? ಕೈ ಪಳಗುವ ಮುನ್ನ ಎಲ್ಲರಿಗೂ ಒಂದೆರಡು ಸಲ ಬರುತ್ತದೆ. ಗಾಬರಿಪಡದೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಡು ನಡುವೆ ತೆಗೆದು ನೋಡಬೇಡಿ. ನಿಂತ ಮೇಲೆ ಅಯೋಡಿನ್ ಹಚ್ಚಿ, ಆ ದಿನ ಒಣ ನೆಲದಲ್ಲೇ ಕಟ್ಟಿ. ಸೀಮೆಎಣ್ಣೆ, ಫಿನಾಯಿಲ್, ಸುಣ್ಣ, ಬ್ಯಾಟರಿಯ ಆಸಿಡ್ ಇವನ್ನೆಲ್ಲ ಗಾಯಕ್ಕೆ ಸುರಿಯುವ ಪದ್ಧತಿ ಕೆಲವೆಡೆ ಇದೆ. ದಯವಿಟ್ಟು ಬೇಡ. ಹುಳುವಿನೊಂದಿಗೆ ಜೀವಂತ ಮಾಂಸವೂ ಸುಟ್ಟುಹೋಗುತ್ತದೆ. ಆಳವಾದ ಗಾಯವಾದರೆ ಪಶುವೈದ್ಯರಿಗೆ ತೋರಿಸಲೇಬೇಕು, ಏಕೆಂದರೆ ಆಡುಗಳಿಗೆ ಧನುರ್ವಾಯು ಬೇಗ ತಗಲುತ್ತದೆ. ಹಾಗೆಯೇ ಕತ್ತರಿ ನಿಮ್ಮ ಕೈಗೆ ತಾಗಿದರೂ ಅರಿಸಿನ ಮೆತ್ತಿಕೊಂಡು ಸುಮ್ಮನಾಗಬೇಡಿ. ಹಟ್ಟಿಯ ಗಾಯ ಅದು, ಟಿ.ಟಿ. ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಆಡಿಗೆ ಮಾಡುವಷ್ಟು ಆರೈಕೆಯನ್ನು ನಮ್ಮ ಹೆಂಗಸರು ತಮಗೆ ಮಾಡಿಕೊಳ್ಳುವುದಿಲ್ಲ!

ಕೊಳೆತ ವಾಸನೆಯ ವಿಷಯ ಹೇಳಿದೆನಲ್ಲ. ಗೊರಸುಗಳ ಸಂದಿ ಕೆಂಪಾಗಿ ತೇವಗೊಂಡಿದ್ದರೆ, ಚಿಪ್ಪು ಅಂಗಾಲಿನಿಂದ ಬಿಡಿಸಿಕೊಂಡಿದ್ದರೆ, ದುರ್ವಾಸನೆ ಇದ್ದರೆ ಅದು ಗೊರಸು ಕೊಳೆ ರೋಗ. ಬ್ಯಾಕ್ಟೀರಿಯಾಗಳಿಂದ ಬರುವ, ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ. ಕೊಳೆತ ಭಾಗವನ್ನೆಲ್ಲ ಕೆತ್ತಿ ತೆಗೆದು ಗಾಳಿಯಾಡಲು ಬಿಡಬೇಕೆಂದು ಹಿಂದೆ ಎಲ್ಲರೂ ಹೇಳುತ್ತಿದ್ದರು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಸಂಶೋಧಕರು ಈ ರೋಗದಿಂದ ಕುಂಟುವ ಕುರಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಗೊರಸು ಕೆತ್ತಿದ ಕುರಿಗಳಿಗಿಂತ ಕೆತ್ತದೆ ಆ್ಯಂಟಿಬಯೋಟಿಕ್ ಕೊಟ್ಟ ಕುರಿಗಳು ಬೇಗ ಗುಣವಾದುದು ಅದರಲ್ಲಿ ಕಂಡುಬಂತು. ಆದ್ದರಿಂದ ಕೊಳೆತ, ನೋಯುವ ಗೊರಸಿಗೆ ಕತ್ತರಿ ಹಾಕಬೇಡಿ. ತೊಳೆದು, ಬೇರೆ ಆಡುಗಳಿಂದ ದೂರ ಒಣ ಜಾಗದಲ್ಲಿ ಕಟ್ಟಿ, ಪಶುವೈದ್ಯರನ್ನು ಕರೆಯಿರಿ. ಗುಣವಾದ ಮೇಲೆ ಆಕಾರ ಸರಿಪಡಿಸಬಹುದು. ಇನ್ನು, ಹಲವು ಆಡುಗಳು ಒಮ್ಮೆಲೇ ಕುಂಟತೊಡಗಿ, ಬಾಯಿಯಲ್ಲೂ ಗುಳ್ಳೆ, ಜೊಲ್ಲು ಕಂಡರೆ ಅದು ಕಾಲುಬಾಯಿ ಜ್ವರ ಆಗಿರಬಹುದು. ಆಗ ಆಡುಗಳನ್ನು ಹೊರಗೆ ಬಿಡದೆ ಕೂಡಲೇ ತಿಳಿಸಬೇಕು. ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ನಿಮ್ಮ ಪಂಚಾಯತ್‌ನಲ್ಲಿ ತರಬೇತಿ ಪಡೆದ ಪಶು ಸಖಿ ಇದ್ದರೆ ಇನ್ನೂ ಅನುಕೂಲ. ಹೆಂಗಸರೊಂದಿಗೆ ಹೆಂಗಸರು ಮಾತನಾಡುವುದು ಸುಲಭ, ಗೊರಸು ಕತ್ತರಿಸುವುದನ್ನೂ ಎದುರು ನಿಂತು ಕಲಿಯಬಹುದು.

ಮಳೆಗಾಲದಲ್ಲಿ ಮುಂಜಾಗ್ರತೆಗಾಗಿ ಕಾಲು ಅದ್ದಿಸುವ ನೀರು ಮಾಡಿಟ್ಟುಕೊಳ್ಳಬಹುದು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಜಿಂಕ್ ಸಲ್ಫೇಟ್ 1 ಕಿಲೋವನ್ನು 10 ಲೀಟರ್ ನೀರಿಗೆ ಹಾಕಿ ಕರಗಿಸಿ, ಅಗಲವಾದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಗೊರಸು ಮುಳುಗುವಷ್ಟು ಹಾಕಿ, ತೊಳೆದ ಕಾಲುಗಳನ್ನು ಹತ್ತು ನಿಮಿಷ ಅದರಲ್ಲಿ ನಿಲ್ಲಿಸಿ. ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸಲು ತಂದ ಮೈಲುತುತ್ತು ಹೇಗೂ ಇರುತ್ತದೆ. 10 ಲೀಟರಿಗೆ ಅರ್ಧ ಕಿಲೋದಂತೆ ಅದನ್ನೂ ಉಪಯೋಗಿಸುವವರಿದ್ದಾರೆ. ಆದರೆ ಮೈಲುತುತ್ತು ಹೊಟ್ಟೆಗೆ ಹೋದರೆ ವಿಷ. ಆಡಿನ ಜೊತೆ ಕುರಿಯೂ ಇದ್ದರೆ ಮೈಲುತುತ್ತು ಬೇಡವೇ ಬೇಡ, ಕುರಿಗಳಿಗೆ ತಾಮ್ರದ ಅಂಶ ಅತ್ಯಂತ ಅಪಾಯಕಾರಿ. ಯಾವುದೇ ನೀರಾದರೂ ಮೊದಲು ಆಡಿಗೆ ಕುಡಿಯಲು ನೀರು ಕೊಟ್ಟೇ ಅದರಲ್ಲಿ ನಿಲ್ಲಿಸಿ. ಬಾಯಾರಿದ ಆಡು ಬೋಗುಣಿಗೆ ಬಾಯಿ ಹಾಕಿಯೇ ಹಾಕುತ್ತದೆ. ಉಳಿದ ನೀರನ್ನು ಮಕ್ಕಳಿಗೆ, ಕೋಳಿಗಳಿಗೆ ಸಿಗುವಂತೆ ಬಿಡಬೇಡಿ, ಬಾವಿಯ ಬಳಿ ಚೆಲ್ಲಬೇಡಿ.

ಗೂಡಿನಲ್ಲೇ ಇರುವ ಆಡುಗಳಿಗೆ ಆರರಿಂದ ಎಂಟು ವಾರಗಳಿಗೊಮ್ಮೆ ಕತ್ತರಿಸಿದರೆ ಸಾಕು. ಮುರಕಲ್ಲಿನ ಗುಡ್ಡದಲ್ಲಿ ಮೇಯುವುದಾದರೆ ಮೂರು ನಾಲ್ಕು ತಿಂಗಳಿಗೊಮ್ಮೆ, ಕೆಲವಕ್ಕೆ ನೋಡಿ ಬಿಟ್ಟರೂ ಸಾಕಾಗುತ್ತದೆ. ಅಂಗಳದಲ್ಲಿ ನಾಲ್ಕಾರು ಮುರಕಲ್ಲುಗಳನ್ನು ಮೆಟ್ಟಿಲಿನಂತೆ ಜೋಡಿಸಿಟ್ಟು ನೋಡಿ, ಆಡುಗಳು ಅದರ ಮೇಲೆ ಹತ್ತಿಳಿಯುತ್ತಾ ತಾವೇ ಗೊರಸು ಸವೆಸಿಕೊಳ್ಳುತ್ತವೆ. ಮೇ ಕೊನೆಗೆ ಒಂದು ಸಲ ತಪ್ಪಿಸಬೇಡಿ. ಗಬ್ಬದ ಆಡುಗಳಿಗೆ ಕೊನೆಯ ತಿಂಗಳಲ್ಲಿ ಬೇಡ, ಮರಿ ಹಾಕಿ ಸುಧಾರಿಸಿದ ಮೇಲೆ ಮಾಡಿ. ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಇದನ್ನೂ ಗುರುತು ಹಾಕಿ.

ಇದು ಗಂಡಸರ ಕೆಲಸವಲ್ಲವೇ ಎಂದು ಕೇಳುವವರಿದ್ದಾರೆ. ಸೊಪ್ಪು ತರುವುದು, ಹಾಲು ಕರೆಯುವುದು, ಹಿಕ್ಕೆ ಗುಡಿಸುವುದು, ನಡುರಾತ್ರಿ ಮರಿ ಹಾಕಿಸುವುದು ಹೆಂಗಸರ ಕೆಲಸವಾಗಿರುವಾಗ ಕತ್ತರಿ ಮಾತ್ರ ಗಂಡಸರದ್ದು ಹೇಗಾಗುತ್ತದೆ? ಪ್ರವಾದಿ(ಸ) ಮನೆಯಲ್ಲಿ ತಮ್ಮ ಆಡಿನ ಹಾಲನ್ನು ತಾವೇ ಕರೆಯುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ, ಆದ್ದರಿಂದ ಗಂಡಸರು ಬಂದು ಕಾಲು ಹಿಡಿದರೆ ಸಂತೋಷವೇ. ಮಾರುವ ಹೊತ್ತಿಗೆ ಮಾತ್ರ ಜಗಲಿಗೆ ಬಂದು ದರ ನಿರ್ಧರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ತನ್ನ ಆಡಿನ ಕಾಲನ್ನು ತಾನೇ ಎತ್ತಿ ತೋರಿಸಿ "ನೋಡಿ, ನಾಲ್ಕೂ ಗೊರಸು ಸ್ವಚ್ಛ ಇದೆ" ಎನ್ನಬಲ್ಲ ಹೆಣ್ಣುಮಗಳ ಎದುರು ದಲ್ಲಾಳಿಯ ಚೌಕಾಸಿ ತಾನಾಗಿ ತಗ್ಗುತ್ತದೆ. ನೀವು ಆಡು ಕೊಳ್ಳುವಾಗಲೂ ಹಲ್ಲಿಗಿಂತ ಮೊದಲು ಕಾಲು ಎತ್ತಿಸಿ ನೋಡಿ.

ಕೆಲಸ ಮುಗಿದ ಮೇಲೆ ಕತ್ತರಿ ಮತ್ತು ಅರವನ್ನು ಸಾಬೂನು ನೀರಿನಿಂದ ತೊಳೆದು ಒಣಗಿಸಿ, ತೆಂಗಿನೆಣ್ಣೆ ಸವರಿಡಿ. ಒಂದಕ್ಕಿಂತ ಹೆಚ್ಚು ಆಡುಗಳಿದ್ದರೆ ಒಂದಾದ ಮೇಲೊಂದಕ್ಕೆ ಹೋಗುವಾಗ ಕತ್ತರಿಯನ್ನು ಡೆಟ್ಟಾಲ್ ನೀರಿನಲ್ಲಿ ಅದ್ದುವುದು ಒಳ್ಳೆಯದು. ಕಾಲು ಚೆನ್ನಾಗಿಲ್ಲದ ಆಡನ್ನು ಕೊನೆಗೆ ಇಟ್ಟುಕೊಳ್ಳಿ. ರೋಗದ ಗೊರಸಿನ ಚೂರುಗಳನ್ನು ಒಲೆಗೆ ಹಾಕಿ. ಒಳ್ಳೆಯ ಗೊರಸಿನ ಚೂರುಗಳನ್ನು ಎಸೆಯಬೇಡಿ. ಅದರಲ್ಲಿ ಸಾರಜನಕ ಹೇರಳವಾಗಿದೆ, ಆದರೆ ಕರಗಲು ತಿಂಗಳುಗಳೇ ಬೇಕು. ಮಲ್ಲಿಗೆ ಗಿಡದ ಬುಡದಲ್ಲಿ ನಾಲ್ಕು ಬೆರಳು ಆಳಕ್ಕೆ ಹೂತುಬಿಡಿ. ಮೇಲೆಯೇ ಹಾಕಿದರೆ ಬೀದಿನಾಯಿಗಳು ಗಿಡವನ್ನೇ ಕಿತ್ತುಹಾಕುತ್ತವೆ.